ಒಂದರ ನಂತರ ಹತ್ತು

ತಬಸುಮ್‌ಗೆ ಬರೆದಿಡುವ ಚಟ. ಅದನ್ನು ಒಳ್ಳೆಯ ಗುಣ ಎಂದರೆ ಅವಳ ತಾಯಿ ಹಸನಬಿ ಒಪ್ಪುವುದಿಲ್ಲ. ಮಗಳು ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದ್ದಾಳೆ. “ಉಪ್ಪಿನ ಡಬ್ಬಿ ಮ್ಯಾಲೂ ಉಪ್ಪು ಅಂತ ಬರದಾಳ್ರಿ! ನಾವೇನು ನಾಲಿಗಿ ಇಲ್ಲದವರಾ?” ಎಂದು ಹಸನಬಿ ಮನೆಗೆ ಬಂದವರಿಗೆಲ್ಲ ಡಬ್ಬಿ ತೋರಿಸಿ ನಗುತ್ತಾಳೆ. ತಬಸುಮ್ ಸಿಟ್ಟಾಗುವುದಿಲ್ಲ. ಚೀಟಿ ಹರಿದರೆ ಇನ್ನೊಂದು ಬರೆದು ಅಂಟಿಸುತ್ತಾಳೆ.

ಯರಗುಪ್ಪಿಯ ದಾರಿ ಬಿಟ್ಟು ಎರೆಹೊಲಗಳ ನಡುವೆ ಒಳಕ್ಕೆ ಹೋದರೆ ಅವಳ ಊರು ಸಿಗುತ್ತದೆ. ಹೆಸರು ಬೇಡ ಬಿಡಿ, ಹೇಳಿದರೆ ಆ ಊರಿನವರು ನಾಳೆಯೇ ಜಗಳಕ್ಕೆ ಬರುತ್ತಾರೆ. ಅಲ್ಲಿ ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುವವಳು ತಬಸುಮ್. ಒಂಬತ್ತು ವರ್ಷದಿಂದ ಅದೇ ಕುರ್ಚಿ, ಅದೇ ಕಿಟಕಿ. ಗ್ರಂಥಾಲಯಕ್ಕೆ ಎರಡು ಕಂಪ್ಯೂಟರ್ ಬಂದಿದ್ದವು. ಒಂದು ಬಂದ ವರ್ಷವೇ ಕಣ್ಣು ಮುಚ್ಚಿತು. ಇನ್ನೊಂದನ್ನು ಅವಳು ಮಗುವಿನಂತೆ ಸಾಕಿಕೊಂಡಿದ್ದಾಳೆ.

ಆ ಊರಿಗೆ ಮೂವತ್ತೆರಡು ವರ್ಷ ನೀರು ಬಿಟ್ಟವನು ಕುಬೇರಪ್ಪ. ಯಾವ ಓಣಿಗೆ ಯಾವ ವಾಲ್ವ್, ಯಾವುದನ್ನು ಎಷ್ಟು ತಿರುವಬೇಕು, ಯಾವುದು ಸೊಕ್ಕು ಮಾಡುತ್ತದೆ, ಎಲ್ಲ ಅವನ ತಲೆಯಲ್ಲಿ. ಹೋದ ವರ್ಷ ಅವನಿಗೆ ಲಕ್ವಾ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಮಾತೊಂದು ಉಳಿಯಿತು, ಅದೂ ನಿಧಾನ. ಅವನು ಹಾಸಿಗೆ ಹಿಡಿದ ಎಂಟೇ ದಿನಕ್ಕೆ ಊರು ಕೆಟ್ಟು ಕೆರ ಹಿಡಿಯಿತು. ಮೇಲಿನ ಓಣಿಯಲ್ಲಿ ತೊಟ್ಟು ನೀರಿಲ್ಲ, ಕೆಳಗಿನ ಓಣಿಯಲ್ಲಿ ಅಂಗಳದ ತುಂಬ ನೀರು. ಹೆಂಗಸರು ಕೊಡ ಹಿಡಿದು ಪಂಚಾಯಿತಿಯ ಮುಂದೆ ಕೂತು ಬೈದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ.

ಕುಬೇರಪ್ಪನ ಜಾಗಕ್ಕೆ ತಬಸುಮ್‌ಳ ತಮ್ಮ ಮುಸ್ತಫಾನನ್ನು ತೆಗೆದುಕೊಂಡರು. ಹುಡುಗ ಒಳ್ಳೆಯವನು. ಆದರೆ ಹೇಳಿದ್ದನ್ನು ಮಾಡುತ್ತಾನೆ, ಹೇಳದ್ದನ್ನು ಸತ್ತರೂ ಮಾಡುವುದಿಲ್ಲ. ಅಂಥವನಿಗೆ ಎಲ್ಲವನ್ನೂ ಬರೆದೇ ಕೊಡಬೇಕು ಎಂದು ತಬಸುಮ್ ಹಟ ಹಿಡಿದಳು. ದಿನಾ ಸಂಜೆ ಗ್ರಂಥಾಲಯಕ್ಕೆ ಬೀಗ ಹಾಕಿ ಕುಬೇರಪ್ಪನ ಮಂಚದ ಬಾಜು ಕೂತು ಕೇಳಿದಳು, ಬರೆದುಕೊಂಡಳು. ಮೂರು ತಿಂಗಳು ಹಿಡಿಯಿತು. ಮುದುಕ ಹೇಳುವ ರೀತಿಯೂ ಹಾಗೇ ಇತ್ತು.

“ಟಾಕಿ ಬಾಜು ಕೆಂಪ ಗಾಲಿ ಐತೆಲ್ಲ, ಅದನ್ನ ಬಲಕ್ಕ ಹದಿನಾಕು ಸುತ್ತು ತಿರುವಬೇಕು. ಹನ್ನೊಂದಕ್ಕ ಬಿಗಿ ಆತು ಅನಸ್ತೈತಿ. ಆಗಿರಂಗಿಲ್ಲ ಮಗಳ. ಒಳಗ ತುಕ್ಕು ಹಿಡದೈತಿ, ಅದು ಮೋಸ ಮಾಡತೈತಿ. ಇನ್ನೂ ಮೂರು ಸುತ್ತು ಜಗ್ಗಬೇಕು.”

ತುಕ್ಕು ಮೋಸ ಮಾಡುವುದನ್ನೆಲ್ಲ ಯಾಕೆ ಬರೆಯುವುದು ಎಂದು ತಬಸುಮ್‌ಗೆ ಅನ್ನಿಸಿತ್ತು. ಆದರೂ ಬರೆದಳು. ಚಟವಲ್ಲವೇ.

ಅವಳು ಬರೆದಿಡುತ್ತಿದ್ದ ರೀತಿಯನ್ನು ಇಲ್ಲಿ ಹೇಳಲೇಬೇಕು, ಮುಂದಿನದೆಲ್ಲ ಅದರಿಂದಲೇ ಆದದ್ದು. ಧಾರವಾಡದಲ್ಲಿ ಮೂರು ದಿನದ ತರಬೇತಿಗೆ ಹೋದಾಗ ಅವಳು ಒಂದು ಪ್ರೋಗ್ರಾಂ ಕಲಿತು ಬಂದಿದ್ದಳು. ಬಣ್ಣ, ಅಲಂಕಾರ ಏನೂ ಇಲ್ಲದ ಸಾದಾ ಫೈಲಿನಲ್ಲಿ ಬರೆಯಬೇಕು. ಒಂದು ಕೆಲಸಕ್ಕೆ ಒಂದು ಫೈಲು. ಸಾಲಿನ ಮೊದಲು ಹ್ಯಾಶ್ ಚಿಹ್ನೆ ಹಾಕಿದರೆ ಅದು ತಲೆಬರಹವಾಗುತ್ತದೆ. ಫೈಲುಗಳನ್ನೆಲ್ಲ ಒಂದು ಫೋಲ್ಡರಿನಲ್ಲಿ ಇಟ್ಟು ಒಂದು ಸಾಲಿನ ಆಜ್ಞೆ ಕೊಟ್ಟರೆ ಪ್ರೋಗ್ರಾಂ ಎಲ್ಲವನ್ನೂ ಓದಿ, ಬದಿಗೆ ಪರಿವಿಡಿ ಕಟ್ಟಿ, ಕೆಳಗೆ ‘ಹಿಂದೆ’, ‘ಮುಂದೆ’ ಎಂಬ ಬಟನ್ ಇಟ್ಟು ವೆಬ್‌ಸೈಟ್ ಮಾಡಿ ಕೈಗೆ ಕೊಡುತ್ತದೆ. ಅದಕ್ಕೆ ಸರ್ವರ್ ಬೇಡ, ಇಂಟರ್‌ನೆಟ್ಟೂ ಬೇಡ. ಫೋಲ್ಡರನ್ನು ಎತ್ತಿ ಮೊಬೈಲಿಗೆ ಹಾಕಿದರೆ ನೆಟ್‌ವರ್ಕ್ ಇಲ್ಲದ ಕಡೆಯೂ ಪುಟಗಳು ತೆರೆಯುತ್ತವೆ. ಎರಡು ಕಿಲೋಮೀಟರ್ ಆಚೆ ಕೆರೆಯ ಪಂಪ್‌ಹೌಸಿನಲ್ಲಿ ಒಂದು ಕಡ್ಡಿ ಸಿಗ್ನಲ್ಲೂ ಬರುವುದಿಲ್ಲ, ಹಾಗಾಗಿ ಅವಳಿಗೆ ಇದು ಅಗದಿ ಸರಿಹೋಯಿತು.

ನೆಲದೊಳಗಿನ ದೊಡ್ಡ ಟಾಕಿ ತೊಳೆಯುವ ಕೆಲಸಕ್ಕೆ ಒಂಬತ್ತು ಫೈಲು ಆದವು. ಮೊದಲನೆಯದು ಪಂಪ್‌ಹೌಸಿನಲ್ಲಿ ಮೇನ್ ಸ್ವಿಚ್ ಇಳಿಸುವುದು, ಎರಡನೆಯದು ಟಾಕಿಗೆ ನೀರು ಬರುವ ವಾಲ್ವಿನ ಕೆಂಪು ಗಾಲಿ ಮುಚ್ಚುವುದು, ಹೀಗೇ ಸಾಗಿ ಒಂಬತ್ತನೆಯದು ಮೋಟಾರ್ ಚಾಲೂ ಮಾಡುವುದು. ಫೈಲಿನ ಹೆಸರಿನ ಮೊದಲಿಗೆ ಒಂದು, ಎರಡು ಎಂದು ಅಂಕಿ. ಎಲ್ಲ ಸರಿಯಾಗಿತ್ತು.

ಬುಧವಾರ ಸಂಜೆ ಮುಗಿಸಿದ ಪುಟಗಳನ್ನು ಓದಿ ಹೇಳಿದಾಗ ಕುಬೇರಪ್ಪ ಮುಖ ಗಂಟು ಹಾಕಿದ.

“ಗಂಗವ್ವನ ಪೂಜಿ ಎಲ್ಲೈತಿ?”

“ಅದು ಕೆಲಸ ಅಲ್ಲಲ್ಲ ಕಾಕಾ.”

“ಯಾರು ಹೇಳಿದ್ರು ನಿನಗ? ಕೆರೀ ದಂಡಿ ಮ್ಯಾಲ ಗಂಗವ್ವನ ಕಲ್ಲಿಗೆ ಕಾಯಿ ಒಡೀಬೇಕು. ಒಡದ ಸುದ್ದಿ ಟಾಕಿಗೆ ಮುಟ್ಟಬೇಕು. ಕಾಯಿ ಒಡೀದ ನಮ್ಮೂರಾಗ ಟಾಕಿಗೆ ಯಾರೂ ಇಳದಿಲ್ಲ. ಮದ್ಲಿಗೆ ಹಾಕು ಅದನ್ನ.”

“ಮುಸ್ತಫಾ ಒಡದ್ರ ನಡೀತೈತೇನ್ ಕಾಕಾ?”

“ಹುಚ್ಚಿ! ಗಂಗವ್ವ ಜಾತಿ ಕೇಳಿ ನೀರು ಕೊಟ್ಟಾಳೇನು?”

ತಬಸುಮ್ ಗ್ರಂಥಾಲಯಕ್ಕೆ ವಾಪಸ್ ಬಂದು ಗಂಗವ್ವನಿಗೂ ಒಂದು ಫೈಲು ಬರೆದಳು. ಅದಕ್ಕೆ ಒಂದು ಎಂದು ಅಂಕಿ ಕೊಟ್ಟಳು. ಒಂದಿದ್ದದ್ದು ಎರಡಾಯಿತು, ಎರಡಿದ್ದದ್ದು ಮೂರು, ಕೊನೆಯ ಒಂಬತ್ತು ಹತ್ತಾಯಿತು. ಆಜ್ಞೆ ಕೊಟ್ಟಳು, ಪ್ರೋಗ್ರಾಂ ಸೈಟ್ ಕಟ್ಟಿತು. ಮೊದಲ ಪುಟ ತೆರೆದು ನೋಡಿದಳು. ಗಂಗವ್ವನ ಕಲ್ಲಿನ ಫೋಟೋ ಚಂದ ಬಂದಿತ್ತು. ಅಷ್ಟಕ್ಕೇ ಖುಷಿಪಟ್ಟು ಫೋಲ್ಡರನ್ನು ತಮ್ಮನ ಮೊಬೈಲಿಗೆ ಹಾಕಿದಳು. ‘ಮುಂದೆ’ ಬಟನ್ ಒಂದೇ ಒಂದು ಸಲ ಒತ್ತಿ ನೋಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಒತ್ತಲಿಲ್ಲ ಪುಣ್ಯಾತ್ಗಿತ್ತಿ.

“ಪುಟದಾಗ ಇದ್ದಂಗ ಮಾಡು. ನಿನ್ನ ಸ್ವಂತ ತಲಿ ಓಡಸಬ್ಯಾಡ,” ಎಂದು ಮೇಲೆ ತಾಕೀತು ಬೇರೆ ಮಾಡಿದಳು.

ಮರುದಿನ ಗುರುವಾರ, ಟಾಕಿ ತೊಳೆಯುವ ದಿನ. ಕುಬೇರಪ್ಪ ಹಾಸಿಗೆ ಹಿಡಿದ ಮೇಲೆ ಟಾಕಿ ತೊಳೆದೇ ಇರಲಿಲ್ಲ, ಮುಸ್ತಫಾನಿಗೆ ಇದು ಮೊದಲ ಸಲ. ಅಕ್ಕನ ಸ್ಕೂಟಿ ತೆಗೆದುಕೊಂಡು ಕಾಯಿ, ಕುಂಕುಮ, ಊದಿನಕಡ್ಡಿ ಚೀಲದಲ್ಲಿಟ್ಟು ಕೆರೆಯ ಕಡೆ ಹೋದ. ಟಾಕಿಗೆ ಇಳಿಯುವವನು ಕುಬೇರಪ್ಪನ ಮಗ ಪ್ರಭು. ಹದಿನೈದು ವರ್ಷದಿಂದ ಅಪ್ಪನ ಕೈಕೆಳಗೆ ಇಳಿದು ಬಲ್ಲವನು, ಅವನಿಗೆ ಪುಟಗಿಟದ ಹಂಗಿಲ್ಲ. ಬೆಳಿಗ್ಗೆಯೇ ಟಾಕಿಯ ನೀರು ಖಾಲಿ ಮಾಡಿ, ಮುಚ್ಚಳ ತೆಗೆದು ಗಾಳಿಯಾಡಲು ಬಿಟ್ಟು, ಬೇವಿನ ಗಿಡದ ಕೆಳಗೆ ಕೂತಿದ್ದ. ಮೇಲೆ ಹಗ್ಗ ಹಿಡಿಯಲು ಕಾಶಿನಾಥ ಬಂದಿದ್ದ. ಹನ್ನೊಂದೂಕಾಲಿಗೆ ಮುಸ್ತಫಾ ಕೆರೆಯ ಏರಿ ಹತ್ತಿ, ಸಿಗ್ನಲ್ ಹುಡುಕಿ ಕಾಶಿನಾಥನಿಗೆ ಫೋನ್ ಮಾಡಿ, “ಕಾಯಿ ಒಡೀತ್ರಿ,” ಎಂದ. ಪ್ರಭು ಅಂಗಿ ಕಳಚಿ ಗಿಡಕ್ಕೆ ಹಾಕಿ ಹಗ್ಗ ಹಿಡಿದು ಇಳಿದುಬಿಟ್ಟ. ಮುಸ್ತಫಾ ಏರಿ ಇಳಿದು ಸಿಗ್ನಲ್ ಇಲ್ಲದ ಪಂಪ್‌ಹೌಸಿಗೆ ಹೋದ.

ಇತ್ತ ಗ್ರಂಥಾಲಯಕ್ಕೆ ಕುಬೇರಪ್ಪನ ಹೆಂಡತಿ ರೇವವ್ವ ಬಂದಳು. ಬಾಗಿಲಲ್ಲೇ ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು.

“ಏನ್ ಬೇ ತಬಸುಮ್, ಗಂಗವ್ವನ ಪುಟ ಹಾಕೀಯಂತಲ್ಲ? ಮುಂಜಾನಿಂದ ಅದ ಧ್ಯಾನ ಅವರಿಗೆ. ಖರೇನ ಹಾಕ್ಯಾಳೋ ಇಲ್ಲೋ ನೋಡಿಕೊಂಡು ಬಾ ಅಂತ ಕಳಿಸ್ಯಾರ ನನ್ನ.”

“ಬರ್ರಿ ಕಾಕಿ, ಕೂಡ್ರಿ. ಇಲ್ಲೇ ನೋಡ್ರಿ.”

ರೇವವ್ವನಿಗೆ ಓದಲು ಬರುವುದಿಲ್ಲ. ಫೋಟೋ ನೋಡಿ ಕೈ ಮುಗಿದಳು. ಬೆರಳಿನಿಂದ ಗಾಜು ಮುಟ್ಟಿ ಬೆರಳನ್ನು ಕಣ್ಣಿಗೆ ಒತ್ತಿಕೊಂಡಳು. “ಮುಂದಿಂದು ತೋರಸು,” ಎಂದಳು. ತಬಸುಮ್ ‘ಮುಂದೆ’ ಒತ್ತಿದಳು.

‘ಮೋಟಾರ್ ಚಾಲೂ ಮಾಡುವುದು. ಮೇನ್ ಸ್ವಿಚ್ ಮೇಲೆತ್ತಿ. ತ್ರೀಫೇಸ್ ಬಂದು ಮೂರೂ ದೀಪ ಹತ್ತಿದ ಕೂಡಲೇ ಹಸಿರು ಬಟನ್ ಒತ್ತಿ.’

ತಪ್ಪಿ ಎರಡು ಸಲ ಒತ್ತಿದೆನೇನೋ ಎಂದುಕೊಂಡಳು. ಹಿಂದೆ ಹೋಗಿ ಮತ್ತೆ ಒತ್ತಿದಳು. ಮತ್ತೆ ಅದೇ ಪುಟ. ಬದಿಯ ಪರಿವಿಡಿ ನೋಡಿದಳು. ಗಂಗವ್ವನ ಪೂಜೆಯ ಕೆಳಗೆ ಮೋಟಾರ್ ಚಾಲೂ, ಅದರ ಕೆಳಗೆ ಮೇನ್ ಸ್ವಿಚ್ ಇಳಿಸುವುದು. ಫೋಲ್ಡರ್ ತೆರೆದಳು. ಒಂದು, ಹತ್ತು, ಎರಡು, ಮೂರು.

ಆಗ ತಿಳಿಯಿತು. ಪ್ರೋಗ್ರಾಂ ಎಣಿಸುವುದಿಲ್ಲ. ಅವಳು ದಿನಾ ಪುಸ್ತಕಗಳನ್ನು ಮೊದಲ ಅಕ್ಷರ ನೋಡಿ ಜೋಡಿಸುವಂತೆ ಅದು ಫೈಲುಗಳನ್ನು ಮೊದಲ ಗುರುತು ನೋಡಿ ಜೋಡಿಸುತ್ತದೆ. ಹತ್ತನ್ನು ಅಂಕಿಯಲ್ಲಿ ಬರೆದರೆ ಅದರ ಮೊದಲ ಗುರುತೂ ಒಂದೇ. ಹಾಗಾಗಿ ಹತ್ತು ಹೋಗಿ ಒಂದರ ಬೆನ್ನಿಗೆ ನಿಂತುಬಿಟ್ಟಿದೆ. ಒಂಬತ್ತು ಇರುವ ತನಕ ತೊಂದರೆ ಇರಲಿಲ್ಲ. ಗಂಗವ್ವ ಬಂದಳು, ಹತ್ತಾಯಿತು.

ಗೋಡೆಯ ಗಡಿಯಾರ ಹನ್ನೊಂದೂ ನಲವತ್ತು ತೋರಿಸುತ್ತಿತ್ತು. ಮೋಟಾರ್ ಓಡಿಸುವ ತ್ರೀಫೇಸ್ ಕರೆಂಟು ಬರುವುದು ಹನ್ನೆರಡಕ್ಕೆ. ಹೇಳಿದ್ದನ್ನು ಬಿಟ್ಟು ಬೇರೇನೂ ಮಾಡದ ತಮ್ಮ ಹಸಿರು ಬಟನ್ ಮುಂದೆ ಬೆರಳು ಹಿಡಿದು ನಿಂತಿರುತ್ತಾನೆ. ಮುಂದೆ ಕೂತಿರುವ ಈ ಹೆಂಗಸಿನ ಮಗ ಟಾಕಿಯ ಒಳಗಿರುತ್ತಾನೆ. ಹದಿನೈದು ಅಡಿ ಆಳ, ಮೇಲೆ ಎರಡು ಅಡಿಯ ಬಾಯಿ. ನೀರು ಬೀಳುವ ಆರಿಂಚಿನ ಪೈಪು ಹಗ್ಗ ಇಳಿಬಿಟ್ಟ ಜಾಗದಲ್ಲೇ ಇದೆ. ಪ್ರಭುವಿಗೆ ಈಜು ಬರುವುದಿಲ್ಲ. ಆ ಊರಿನಲ್ಲಿ ಯಾರಿಗೂ ಬರುವುದಿಲ್ಲ, ಕುಡಿಯುವ ನೀರಿನ ಕೆರೆಗೆ ಕಾಲಿಡಲೂ ಬಿಡದ ಊರು ಅದು.

ಮುಸ್ತಫಾನಿಗೆ ಫೋನ್ ಹಚ್ಚಿದಳು. ವ್ಯಾಪ್ತಿ ಪ್ರದೇಶದ ಹೊರಗೆ. ಪ್ರಭುವಿನ ಫೋನು ಗಿಡಕ್ಕೆ ತೂಗಿದ ಅಂಗಿಯಲ್ಲಿ ಬಡಿದುಕೊಂಡು ಸುಮ್ಮನಾಯಿತು. ಕಾಶಿನಾಥ ಹಗ್ಗ ಹಿಡಿದವನು, ಎರಡು ಸಲ ಕಟ್ ಮಾಡಿದ.

“ಯಾಕ ಬೇ? ಮಾರಿ ಯಾಕ ಹಂಗಾತು?” ಎಂದಳು ರೇವವ್ವ.

ಏನು ಹೇಳುತ್ತಾಳೆ? ನಿನ್ನ ಮಗನ ಮೇಲೆ ನಾನೇ ನೀರು ಬಿಡಿಸುತ್ತಿದ್ದೇನೆ ಎನ್ನುತ್ತಾಳೆಯೇ? “ಬಂದೆ ಕಾಕಿ,” ಎಂದವಳೇ ಓಡಿದಳು.

ಕೆರೆಗೆ ಓಡಿದರೆ ಮುಟ್ಟುವುದಿಲ್ಲ. ಟಾಕಿ ಶಾಲೆಯ ಹಿಂದೆ, ಸಮೀಪ. ಹಿಂದಿನ ದಿನ ಮಳೆಯಾಗಿತ್ತು. ಶಾಲೆಯ ಹಿಂದಿನ ಅಡ್ಡದಾರಿ ಎರೆಮಣ್ಣಿನದು, ನಾಲ್ಕು ಹೆಜ್ಜೆಗೆ ಚಪ್ಪಲಿಗೆ ಎರಡೆರಡು ಸೇರು ಮಣ್ಣು ಮೆತ್ತಿಕೊಂಡಿತು. ಚಪ್ಪಲಿ ಅಲ್ಲೇ ಕಿತ್ತೊಗೆದಳು. ದುಪಟ್ಟಾ ಬಳ್ಳಾರಿ ಜಾಲಿಗೆ ಸಿಕ್ಕಿತು, ಅದನ್ನೂ ಬಿಟ್ಟಳು. ಯಾ ಅಲ್ಲಾ, ಇನ್ನೂ ಹದಿನೈದು ನಿಮಿಷ ಇದೆ, ಇದೆಯಲ್ಲ, ಎಂದುಕೊಳ್ಳುತ್ತ ಓಡುತ್ತಿದ್ದಾಗಲೇ ಊರಬಾಗಿಲ ಅಗಸಿಯ ಕಡೆಯಿಂದ ಹಿಟ್ಟಿನ ಗಿರಣಿ ಸದ್ದು ಮಾಡತೊಡಗಿತು.

ಗಿರಣಿ ಶುರುವಾಯಿತೆಂದರೆ ತ್ರೀಫೇಸ್ ಬಂತೆಂದೇ ಅರ್ಥ. ಯಾವತ್ತೂ ಹನ್ನೆರಡರ ಮೇಲೆ ಬರುವ ಕರೆಂಟು ಅವತ್ತೇ ಹದಿಮೂರು ನಿಮಿಷ ಮೊದಲು ಬಂದಿತ್ತು. ಇದಕ್ಕೆ ಏನೆನ್ನಬೇಕು! ಕೆರೆಯಿಂದ ಟಾಕಿಗೆ ನೀರು ಮುಟ್ಟಲು ಏಳೆಂಟು ನಿಮಿಷ ಬೇಕು. ಅದೂ ಅವಳೇ ಬರೆದಿಟ್ಟದ್ದು.

ಕಾಶಿನಾಥ ನೋಡಿದಾಗ ಅವಳ ಮೊಣಕಾಲ ತನಕ ಕೆಸರು.

“ಜಗ್ಗು! ಪ್ರಭೂನ ಮ್ಯಾಲ ಜಗ್ಗು! ನೀರು ಬರಾಕತ್ತೈತಿ!”

“ಏ, ಎಲ್ಲಿ ನೀರು ಮಾರಾಯ್ತಿ? ಇನ್ನೂ ಅರ್ಧಾ ಟಾಕಿ ತಿಕ್ಕಿಲ್ಲ ಅವ.”

ಆಗ ಟಾಕಿಯೊಳಗಿನಿಂದ ಉಸ್ಸೆಂದು ಗಾಳಿಯ ಸದ್ದು ಬಂತು. ನೀರಿಗಿಂತ ಮೊದಲು ಪೈಪಿನಲ್ಲಿದ್ದ ಗಾಳಿ ಬರುತ್ತದೆ ಎಂದು ಕುಬೇರಪ್ಪ ಹೇಳಿದ್ದ. ಕಾಶಿನಾಥನ ಮುಖ ಇಳಿಯಿತು. ಟಾಕಿಯ ಬಾಯಿಗೆ ಬಗ್ಗಿ, “ಪ್ರಭ್ಯಾ, ಹಗ್ಗ ಹಿಡಿಯಲೇ! ಹಗ್ಗ ಹಿಡಿ!” ಎಂದು ಕೂಗಿದ. ಪ್ರಭು ಮೂಲೆಯಲ್ಲಿ ಗೋಡೆ ತಿಕ್ಕುತ್ತಿದ್ದ. ಒಳಗೆ ಆ ಕೂಗು ಗುಂಯ್ಗುಟ್ಟಿತೇ ಹೊರತು ಮಾತು ತಿಳಿಯಲಿಲ್ಲ. “ಏನಲೇ?” ಎನ್ನುವ ಅವನ ದನಿ ಮೇಲೆ ಬರುವಷ್ಟರಲ್ಲಿ ನೀರು ಧಡ್ ಎಂದು ಬಿತ್ತು.

ತಬಸುಮ್ ಆಗಲೇ ಕೆಂಪು ಗಾಲಿಗೆ ಜೋತುಬಿದ್ದಿದ್ದಳು. ಅದರ ಬಗ್ಗೆ ಅರ್ಧ ಪುಟ ಬರೆದವಳು ಒಂದು ದಿನವೂ ಅದನ್ನು ಮುಟ್ಟಿರಲಿಲ್ಲ. ಗಾಲಿ ಪೂರ್ತಿ ತೆರೆದೇ ಇತ್ತು. ಬಲಕ್ಕೆ ಎಂದು ಬಾಯಲ್ಲಿ ಹೇಳಿಕೊಂಡಳು. ಒಂದು. ಎರಡು. ತುಕ್ಕು ಅಂಗೈ ಕಿತ್ತಿತು. ಐದು. ಕೆಳಗೆ ಪ್ರಭು ಕಿರುಚಿದ. ಕಾಶಿನಾಥ ಬೈಯುತ್ತ, ಅಳುತ್ತ, ಖಾಲಿ ಹಗ್ಗ ಕುಣಿಸುತ್ತಿದ್ದ. ಎಂಟು. ಒಂಬತ್ತು. ಹನ್ನೊಂದಕ್ಕೆ ಗಾಲಿ ನಿಂತಿತು.

ಬಿಗಿಯಾಗಿತ್ತು. ಯಾರೇ ಆದರೂ ಮುಚ್ಚಿತು ಎಂದು ಕೈಬಿಡುವಷ್ಟು ಬಿಗಿಯಾಗಿತ್ತು. ಒಳಗೆ ನೀರಿನ ಅಬ್ಬರ ಮಾತ್ರ ನಿಂತಿರಲಿಲ್ಲ. “ಆಗಿರಂಗಿಲ್ಲ ಮಗಳ,” ಎಂದು ಮುದುಕ ಕಿವಿಯಲ್ಲೇ ಹೇಳಿದಂತಾಯಿತು. ಕಾಲನ್ನು ಗೋಡೆಗೆ ಕೊಟ್ಟು ಮೈಯ ಭಾರವನ್ನೆಲ್ಲ ಹಾಕಿ ಜಗ್ಗಿದಳು. ಕಟ್ ಎಂದು ತುಕ್ಕು ಬಿಟ್ಟಿತು. ಹನ್ನೆರಡು. ಹದಿಮೂರು. ಹದಿನಾಲ್ಕು.

ನೀರು ನಿಂತಿತು. ಅತ್ತ ಪಂಪ್‌ಹೌಸಿನಲ್ಲಿ ಒತ್ತಡದ ಮೀಟರಿನ ಮುಳ್ಳು ಕೆಂಪಿಗೆ ಬಂದದ್ದನ್ನು ನೋಡಿ ಮುಸ್ತಫಾ, ಜೀವನದಲ್ಲಿ ಮೊದಲ ಸಲ, ಯಾರೂ ಹೇಳದೆ ತಾನೇ ಮೋಟಾರ್ ಬಂದ್ ಮಾಡಿದ್ದ.

ಪ್ರಭುವನ್ನು ಮೇಲೆ ಎಳೆದಾಗ ಅವನ ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳಿಯುತ್ತಿತ್ತು. ನೀರು ಅವನನ್ನು ಎತ್ತಿ ಗೋಡೆಗೆ ಒಗೆದಿತ್ತು. ನೆಲದ ಮೇಲೆ ಕೂತು ಕೆಮ್ಮಿ ಕೆಮ್ಮಿ ನೀರು ಕಾರಿದ. ಅಷ್ಟರಲ್ಲಿ ಸ್ಕೂಟಿ ಬಂತು. ಮುಸ್ತಫಾ ಅವನನ್ನೂ ಅಕ್ಕನನ್ನೂ ನೋಡಿ ಸ್ಕೂಟಿಯನ್ನು ಅಲ್ಲೇ ಬೀಳಿಸಿ ಓಡಿ ಬಂದ.

“ಆಪಾ, ನೀ ಬರದದ್ದನ್ನ ಮಾಡೇನಿ. ಪೂಜಿ ಆದ ಮ್ಯಾಲ ಮೋಟರ್ ಅಂತ ಇತ್ತು. ಮದ್ಲ ಪೈಪಿನಾಗಿನ ಹಳೇ ನೀರು ಹೊರಗ ಹಾಕ್ತಾರೇನೋ ಅಂದ್ಕೊಂಡ್ನಿ.”

“ಇವಂದೇನೂ ತಪ್ಪಿಲ್ಲ. ತಪ್ಪು ನಂದು,” ಎಂದಳು ತಬಸುಮ್.

“ಸುಡು ನಿನ್ನ ಕಂಪ್ಯೂಟರ!” ಎಂದ ಪ್ರಭು, ಉಸಿರು ಬಂದ ಕೂಡಲೇ. ರೇವವ್ವ ಏದುಸಿರು ಬಿಡುತ್ತ ಬಂದು ಮಗನ ತಲೆಯನ್ನು ಹೊಟ್ಟೆಗೆ ಅವುಚಿಕೊಂಡಳು. ತಬಸುಮ್‌ಳತ್ತ ತಿರುಗಿಯೂ ನೋಡಲಿಲ್ಲ.

ಮೂರು ದಿನ ತಬಸುಮ್‌ಗೆ ಅನ್ನ ಇಳಿಯಲಿಲ್ಲ. ಅಂಗೈಗೆ ಬಟ್ಟೆ ಕಟ್ಟಿಕೊಂಡು ಗ್ರಂಥಾಲಯದಲ್ಲಿ ಸುಮ್ಮನೆ ಕೂತಳು. ಫೈಲಿನ ಅಂಕಿಗಳ ಮುಂದೆ ಒಂದೊಂದು ಸೊನ್ನೆ ಇಟ್ಟರೆ ಸಾಲು ಸರಿಹೋಗುತ್ತದೆ, ಎರಡು ನಿಮಿಷದ ಕೆಲಸ. ಅದನ್ನು ಮಾಡಲೂ ಕೈ ಬರಲಿಲ್ಲ. ಎಲ್ಲವನ್ನೂ ಅಳಿಸಿಬಿಡಬೇಕು ಅನ್ನಿಸಿತು. ನಾಲ್ಕನೆಯ ದಿನ ಕುಬೇರಪ್ಪನೇ ಹೇಳಿಕಳಿಸಿದ.

ಮಂಚದ ಹತ್ತಿರ ನಿಂತಳು, ಕೂರಲಿಲ್ಲ. “ಕಾಕಾ, ನಿಮ್ಮ ಮಗನ್ನ ನಾನು ಕೊಲ್ತಿದ್ದೆ,” ಎಂದವಳೇ ಅಳತೊಡಗಿದಳು.

ಕುಬೇರಪ್ಪ ಅವಳು ಅತ್ತು ಮುಗಿಸುವ ತನಕ ಕಾದ. “ಕೂಡು. ಪುಟ ಓದು. ಸರಿ ಸಾಲಿನಾಗ ಓದು,” ಎಂದ.

ಓದಿದಳು. ಪೂಜೆ, ಮೇನ್ ಸ್ವಿಚ್, ಕೆಂಪು ಗಾಲಿ. ಮುದುಕ ಬಲಗೈ ಎತ್ತಿ ತಡೆದ.

“ಅವತ್ತ ಗಾಲಿ ತೆರದ ಇತ್ತಂತ. ಪ್ರಭು ಯಾಕ ನೋಡದ ಇಳದ?”

“ಕಾಯಿ ಒಡದ್ರ ಇಳಿಯೋದು ಅಂತ ರೂಢಿ ಅಲ್ಲೇನ್ರಿ.”

“ಹೌದು. ಆದ್ರ ನಾನು ಕೆರೀಗೆ ಹೋಗೋಕಿಂತ ಮದ್ಲ ಗಾಲಿ ತಿರುವಿ, ಸರಪಳಿ ಹಾಕಿ, ಬೀಗ ಜಡದು ಹೋಗತಿದ್ದೆ. ಮೂವತ್ತೆರಡು ವರ್ಷ, ಪ್ರತೀ ಸಲ. ಆಮ್ಯಾಲ ಪೂಜಿ. ಅವನಿಗೆ ಗಾಲಿ ನೋಡೂ ಪ್ರಸಂಗನ ಬಂದಿಲ್ಲ. ಅದನ್ನ ನಿನಗ ನಾನು ಹೇಳಿದ್ನೇನು?”

ತಬಸುಮ್ ತಲೆಯಲ್ಲೇ ಎಲ್ಲ ಪುಟ ತಿರುವಿ ನೋಡಿದಳು. “ಇಲ್ಲ ಕಾಕಾ.”

“ಹೇಳಲಿಲ್ಲವ್ವ. ಪೂಜಿ ಮದ್ಲಿಗೆ ಹಾಕು ಅಂತ ಹಟ ಮಾಡಿದೆ, ಬೀಗ ಮರತೆ. ಕೈ ತಾನ ಮಾಡತಿತ್ತು, ಬಾಯಿಗೆ ಬರಲೇ ಇಲ್ಲ.” ಬಲಗೈಯಿಂದ ತನ್ನ ಬಿದ್ದ ಎಡಗೈಯನ್ನು ಎತ್ತಿ ಎದೆಯ ಮೇಲೆ ಇಟ್ಟುಕೊಂಡ. ಕಣ್ಣಿನಿಂದ ನೀರು ಕಿವಿಯ ಕಡೆ ಇಳಿಯಿತು. “ನನ್ನ ಮಗ ನನ್ನ ಮರವಿಗೆ ಹೋಗತಿದ್ದ. ನೀ ಬರದ ಹದಿನಾಕು ಸುತ್ತು ಅವನ್ನ ಉಳಿಸ್ತು. ಈಗ ಬರಕೋ.”

ಬಾಗಿಲಲ್ಲಿ ನಿಂತಿದ್ದ ರೇವವ್ವ ಒಳಗೆ ಹೋಗಿ ಒಂದು ಬಟ್ಟಲು ಚಹಾ ತಂದು ತಬಸುಮ್‌ಳ ಕೈಯಲ್ಲಿ ಇಟ್ಟಳು. “ಆರತೈತಿ, ಕುಡಿ,” ಎಂದಳು.

ತಬಸುಮ್ ಬರೆದುಕೊಂಡಳು. ಗ್ರಂಥಾಲಯಕ್ಕೆ ಹೋಗಿ ಅಂಕಿಗಳ ಮುಂದೆ ಸೊನ್ನೆ ಇಟ್ಟಳು, ಸೈಟ್ ಕಟ್ಟಿದಳು. ಮೊದಲ ಪುಟದಿಂದ ಕೊನೆಯ ಪುಟದ ತನಕ ‘ಮುಂದೆ’ ಒತ್ತುತ್ತ ಬಾಯಿಬಿಟ್ಟು ಓದಿದಳು. ಗಂಗವ್ವ ಈಗ ಎರಡನೆಯವಳು. ಮೊದಲನೆಯ ಪುಟದಲ್ಲಿ ಮೂರೇ ಸಾಲು: ‘ಕೆಂಪು ಗಾಲಿಯನ್ನು ಬಲಕ್ಕೆ ಹದಿನಾಲ್ಕು ಸುತ್ತು ತಿರುವಿ. ಸರಪಳಿ ಹಾಕಿ ಬೀಗ ಜಡಿಯಿರಿ. ಕೀಲಿಯನ್ನು ಟಾಕಿಗೆ ಇಳಿಯುವವನ ಕೈಗೆ ಕೊಡಿ.’

ಮುಂದಿನ ತಿಂಗಳು ಟಾಕಿ ತೊಳೆಯುವ ದಿನ ಅವಳು ಗ್ರಂಥಾಲಯದ ಬಾಗಿಲು ಹಾಕಿ ಟಾಕಿಗೆ ಹೋದಳು. ಚಪ್ಪಲಿ ದೂರ ಬಿಟ್ಟಳು. ಮುಸ್ತಫಾ ಗಾಲಿ ತಿರುವುವಾಗ ಪಕ್ಕದಲ್ಲಿ ನಿಂತು ಎಣಿಸಿದಳು. ಅವನು ಬೀಗ ಜಡಿದು ಕೀಲಿ ಕೊಟ್ಟು ಕೆರೆಗೆ ಹೋದ. ಕಾಯಿ ಒಡೆದ ಸುದ್ದಿ ಬಂತು. ಪ್ರಭು ಅಂಗಿ ಕಳಚಿದ. ಹುಬ್ಬಿನ ಮೇಲೆ ಗಾಯದ ಕಲೆ ಇನ್ನೂ ಕೆಂಪಗಿತ್ತು. ಇಳಿಯಲು ಹಗ್ಗ ಹಿಡಿದವನು ನಿಂತು ಅವಳ ಕಡೆ ನೋಡಿದ.

“ತಬಸುಮಕ್ಕ, ಗಾಲಿ ಎಷ್ಟು ಸುತ್ತು ಆತು?”

“ಹದಿನಾಕು.”

ಪ್ರಭು ಕೀಲಿಯನ್ನು ಉಡದಾರಕ್ಕೆ ಎರಡು ಗಂಟು ಹಾಕಿ ಕಟ್ಟಿಕೊಂಡು ಇಳಿದ.